ಹ್ಯಾಮರ್ ಬದಲಿಸುವ ಮೊದಲು ಪಿನ್ ನೋಡಿ: ಮಲೆನಾಡಿನ ಹಳೆ ಪಿಯಾನೊಗೆ ಏನು ಮಾಡಬಹುದು?

ಪ್ರಶ್ನೆ: ನಮ್ಮದು ಸಾಗರದ ಹತ್ತಿರದ ಹಳ್ಳಿ. ಕೊಪ್ಪದ ಕಡೆ ಒಂದು ಎಸ್ಟೇಟ್ ಬಂಗಲೆ ಖಾಲಿ ಮಾಡುವಾಗ ಹಳೆಯ ಇಂಗ್ಲಿಷ್ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತ) ಪಿಯಾನೊ ಕೊಂಡೆವು. ಮಗಳು ಕಲಿಯುತ್ತಿದ್ದಾಳೆ. ಜೂನ್ ಬಂತೆಂದರೆ ಅರ್ಧದಷ್ಟು ಕೀಗಳು ಒತ್ತಿದ ಮೇಲೆ ಏಳುವುದಿಲ್ಲ. ಹ್ಯಾಮರ್ ತಂತಿಗೆ ಹೊಡೆದು ನಿಧಾನವಾಗಿ ವಾಪಸ್ ಬರುತ್ತದೆ. ಕೆಲವು ಕೀ ಒಮ್ಮೆ ಒತ್ತಿದರೆ ಎರಡು ಸಲ ಹೊಡೆಯುತ್ತವೆ. ಸ್ವರವೂ ಕರ್ಕಶ. ನಮ್ಮ ಗುಡಿಗಾರ ಗೆಳೆಯರೊಬ್ಬರು ಸೂಕ್ಷ್ಮ ಕೆಲಸದಲ್ಲಿ ಗಟ್ಟಿಗರು. ಅವರಿಂದ ಸಾಗವಾನಿಯ ಹೊಸ ಹ್ಯಾಮರ್, ನೈಲಾನ್ ಕೀಲು ಮಾಡಿಸಿ ಇಡೀ ಯಂತ್ರವನ್ನೇ ಸುಧಾರಿಸಬಹುದಾ? ಅಥವಾ ಎಣ್ಣೆ ಬಿಟ್ಟರೆ ಸಾಕಾ? ಗ್ರ್ಯಾಂಡ್ ಪಿಯಾನೊದ ಚುರುಕು ಇದಕ್ಕೆ ಬರುತ್ತದಾ?

ಉತ್ತರ: ಮೊದಲು ಎಣ್ಣೆ ಬಾಟಲಿಯನ್ನು ಬೇರೆ ಕೋಣೆಗೆ ಕಳಿಸಿ. ಕೊಬ್ಬರಿ ಎಣ್ಣೆ, ಹೊಲಿಗೆ ಮೆಷಿನ್ ಎಣ್ಣೆ, ತುಕ್ಕು ಬಿಡಿಸುವ ಸ್ಪ್ರೇ, ಯಾವುದೂ ಬೇಡ. ಪಿಯಾನೊದೊಳಗಿನ ಕೀಲುಗಳಲ್ಲಿ ಲೋಹ ಲೋಹಕ್ಕೆ ಉಜ್ಜುವುದಿಲ್ಲ. ಲೋಹದ ಸಣ್ಣ ಪಿನ್ ಉಣ್ಣೆ ಬಟ್ಟೆಯೊಳಗೆ ತಿರುಗುತ್ತದೆ. ಎಣ್ಣೆ ಬಿಟ್ಟ ಮೊದಲ ವಾರ ಎಲ್ಲ ಸಲೀಸು ಅನ್ನಿಸುತ್ತದೆ. ಆಮೇಲೆ ಉಣ್ಣೆ ಅದನ್ನು ಹೀರಿ, ಧೂಳು ಹಿಡಿದು, ಅಂಟಾಗುತ್ತದೆ. ಹಿತ್ತಾಳೆ ಇದ್ದ ಕಡೆ ಹಸಿರು ಕಿಲುಬು ಕಟ್ಟುತ್ತದೆ. ಹೀಗೆ ಎಣ್ಣೆ ಕುಡಿದ ಯಂತ್ರವನ್ನು ಸರಿಮಾಡುವುದು ಇಂದಿನ ನಿಮ್ಮ ತೊಂದರೆಗಿಂತ ದೊಡ್ಡ ಕೆಲಸ.

ಇನ್ನು ನೀವು ಹೇಳಿದ ಲಕ್ಷಣಗಳು. ನಿಧಾನವಾಗಿ ವಾಪಸ್ ಬರುವುದು ಘರ್ಷಣೆಯ ದೋಷ. ಎರಡು ಸಲ ಹೊಡೆಯುವುದು ಹೊಂದಾಣಿಕೆಯ ದೋಷ. ಕರ್ಕಶ ಸ್ವರವೊಂದೇ ನಿಜವಾಗಿ ಹ್ಯಾಮರ್‌ನ ದೋಷ. ಅಂದರೆ ಹೊಸ ಹ್ಯಾಮರ್ ಹಾಕಿಸಿದರೂ ನಿಮ್ಮ ದೊಡ್ಡ ತೊಂದರೆಗಳು ಹಾಗೇ ಉಳಿಯುತ್ತವೆ. ಖರ್ಚು ಮಾತ್ರ ಆಗಿರುತ್ತದೆ.

ಮೇಲಿನ ಹಲಗೆ ತೆಗೆದು ಒಂದು ಕೀಯನ್ನು ತೀರಾ ನಿಧಾನವಾಗಿ ಒತ್ತಿ ನೋಡಿ. ಕೀಯ ಹಿಂಭಾಗ ಎದ್ದು ವಿಪೆನ್ ಎಂಬ ಸನ್ನೆಯನ್ನು ಎತ್ತುತ್ತದೆ. ಅದರ ಮೇಲೆ ನಿಂತ ಜ್ಯಾಕ್ ಎಂಬ ಕಡ್ಡಿ ಹ್ಯಾಮರ್‌ನ ಬುಡವನ್ನು ದೂಡುತ್ತದೆ. ಹ್ಯಾಮರ್ ತಂತಿಯಿಂದ ಇನ್ನು ಸುಮಾರು 3 ಮಿ.ಮೀ. ದೂರ ಇದೆ ಅನ್ನುವಾಗ ಜ್ಯಾಕ್‌ನ ಪಾದ ಒಂದು ಬಟನ್‌ಗೆ ತಾಗಿ, ಜ್ಯಾಕ್ ಪಕ್ಕಕ್ಕೆ ಜಾರುತ್ತದೆ. ಇದನ್ನು ಲೆಟ್-ಆಫ್ ಅನ್ನುತ್ತೇವೆ. ಅಲ್ಲಿಂದ ಮುಂದೆ ಹ್ಯಾಮರ್ ಕವಣೆಯಿಂದ ಬಿಟ್ಟ ಕಲ್ಲು. ನಿಮ್ಮ ಬೆರಳಿಗೂ ಅದಕ್ಕೂ ಸಂಬಂಧ ಇಲ್ಲ. ತಂತಿಗೆ ಹೊಡೆದು ಹಿಂದೆ ಹಾರಿದ ಹ್ಯಾಮರ್ ಮತ್ತೆ ಪುಟಿಯದಂತೆ ಬ್ಯಾಕ್‌ಚೆಕ್ ಎಂಬ, ಫೆಲ್ಟ್ (ಒತ್ತಿ ಮಾಡಿದ ಉಣ್ಣೆ) ಮೆತ್ತಿದ ತುಂಡು ಹಿಡಿದುಕೊಳ್ಳುತ್ತದೆ.

ಇದರ ಮೂಲ ಉಪಾಯ ಇಟಲಿಯ ಬಾರ್ಟೊಲೊಮೆಯೊ ಕ್ರಿಸ್ಟೊಫೊರಿಯದು. ಫ್ಲಾರೆನ್ಸ್‌ನ ಮೆಡಿಚಿ ಅರಮನೆಯ ವಾದ್ಯಗಳ 1700ರ ಪಟ್ಟಿಯಲ್ಲಿ ಅವನ ಪಿಯಾನೊ ಇದೆ. ಜ್ಯಾಕ್ ಜಾರಿಕೊಳ್ಳುವುದು, ಹ್ಯಾಮರನ್ನು ಹಿಡಿಯುವುದು, ಎರಡೂ ಅವನ ಕೆಲಸದಲ್ಲೇ ಇದ್ದವು. ಮೂರು ಶತಮಾನ ಆದರೂ ಯಾರೂ ಆ ಮೂಲ ಲೆಕ್ಕವನ್ನು ಬಿಟ್ಟಿಲ್ಲ.

ಈಗ ಅಳತೆ ನೋಡಿ. ಕೀ ಇಳಿಯುವುದು ಸುಮಾರು 10 ಮಿ.ಮೀ. ಅಷ್ಟರಲ್ಲೇ ಹ್ಯಾಮರ್ ಸುಮಾರು 45 ಮಿ.ಮೀ. ಹೋಗಬೇಕು. ಹೋಗುವಾಗ ನಿಮ್ಮ ಬೆರಳಿನ ಬಲ ಇದೆ. ವಾಪಸ್ ಬರುವಾಗ ಏನಿದೆ? ತಂತಿಯ ಒದೆತ, ಒಂದು ಬಡಕಲು ಸ್ಪ್ರಿಂಗ್, ಸ್ವಲ್ಪ ಸ್ವಂತ ಭಾರ, ಮತ್ತು ಬ್ರೈಡಲ್ ಸ್ಟ್ರ್ಯಾಪ್ ಎಂಬ ಬಟ್ಟೆ ಪಟ್ಟಿಯ ಸಣ್ಣ ಎಳೆತ. ಇಷ್ಟೇ. ಆದ್ದರಿಂದ ಘರ್ಷಣೆ ಸ್ವಲ್ಪ ಹೆಚ್ಚಿದರೂ ಹೊಡೆತ ಸರಿಯಾಗೇ ಕೇಳುತ್ತದೆ, ವಾಪಸಾತಿ ಮಾತ್ರ ಸೋಲುತ್ತದೆ. ನಿಮ್ಮಲ್ಲಿ ಆಗುತ್ತಿರುವುದು ಇದೇ.

ಆ ಘರ್ಷಣೆ ಇರುವುದು ಕೀಲುಗಳ ಆ ಸಣ್ಣ ಪಿನ್‌ಗಳಲ್ಲಿ, ಅಂದರೆ ಸೆಂಟರ್ ಪಿನ್‌ಗಳಲ್ಲಿ. ಒಂದೊಂದು ಸ್ವರಕ್ಕೆ ಹ್ಯಾಮರ್, ವಿಪೆನ್, ಜ್ಯಾಕ್, ಸ್ವರ ನಿಲ್ಲಿಸುವ ಡ್ಯಾಂಪರ್ ಅಂತ ನಾಲ್ಕು ಕೀಲು. 88 ಕೀಗಳ ಪಿಯಾನೊದಲ್ಲಿ ಒಟ್ಟು ಮುನ್ನೂರು ದಾಟುತ್ತದೆ. ಪಿನ್‌ನ ದಪ್ಪ ಸುಮಾರು 1.27 ಮಿ.ಮೀ. ಒಂದು ಅಳತೆಗೂ ಮುಂದಿನ ಅಳತೆಗೂ ಇರುವ ವ್ಯತ್ಯಾಸ 0.025 ಮಿ.ಮೀ. ಮಾತ್ರ. ಕೂದಲೆಳೆಗಿಂತ ಕಡಿಮೆ. ಅಷ್ಟರಲ್ಲೇ ಬಿಗಿ, ಸರಿ, ಸಡಿಲ ಮೂರೂ ತೀರ್ಮಾನವಾಗುತ್ತವೆ. ಈಗ ಇದನ್ನು ತೇವದಲ್ಲಿ ಇಟ್ಟು ನೋಡಿ. ಉಣ್ಣೆಯೂ ಮರವೂ ನೀರು ಹೀರಿ ಉಬ್ಬುತ್ತವೆ. ಪಿಯಾನೊಗೆ ಹಿತವಾದ ತೇವಾಂಶ ಶೇ. 45ರ ಆಸುಪಾಸು. ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯುವ ಆಗುಂಬೆ ಬಿಡಿ, ನಿಮ್ಮ ಸಾಗರದಲ್ಲೂ ಜುಲೈ ತಿಂಗಳಲ್ಲಿ ಗಾಳಿಯ ತೇವಾಂಶ ಶೇ. 90ರ ಮೇಲೆ ಇರುವುದು ಮಾಮೂಲು. ಒಗೆದ ಬಟ್ಟೆ ಮೂರು ದಿನ ಒಣಗದ ಗಾಳಿಯಲ್ಲೇ ಆ ಮುನ್ನೂರು ಚಿಲ್ಲರೆ ಪಿನ್‌ಗಳೂ ಇವೆ ಅಲ್ವಾ?

ಆದರೆ ಎಲ್ಲ ತಪ್ಪನ್ನೂ ಪಿನ್ ಮೇಲೆ ಹಾಕುವ ಮೊದಲು ಒಂದು ಪರೀಕ್ಷೆ. ಅಂಟಿದ ಕೀಯನ್ನು ಹುಡುಕಿ. ಒಳಗೆ ಬೆರಳು ಹಾಕಿ ಅದರ ವಿಪೆನ್ ಅನ್ನು ತುಸು ಮೇಲಕ್ಕೆ ಎತ್ತಿ ಹಿಡಿದು, ಕೀಯನ್ನು ಮಾತ್ರ ಮೇಲೆ ಕೆಳಗೆ ಆಡಿಸಿ. ಕೀಯೇ ಬಿಗಿಯಾಗಿ ಆಡುತ್ತಿದ್ದರೆ ತೊಂದರೆ ಕೀಯ ಕೆಳಗಿನ ಲೋಹದ ಪಿನ್ ಮತ್ತು ಅದರ ಬಟ್ಟೆಯಲ್ಲಿದೆ. ಅದು ಸುಲಭ. ಕೀ ಹಿಗ್ಗಿಸುವ ವಿಶೇಷ ಇಕ್ಕಳದಿಂದ ಬಟ್ಟೆಯನ್ನು ಒಂದು ಸಲ ಮೆಲ್ಲಗೆ ಅದುಮಿದರೆ ಮುಗಿಯಿತು. ಎರಡು ಕೀಗಳ ನಡುವೆ ಬಿದ್ದ ನಾಣ್ಯವೋ ಪೆನ್ಸಿಲ್ ಚೂರೋ ಇದೆಯಾ ಅಂತಲೂ ನೋಡಿ. ಮಕ್ಕಳಿರುವ ಮನೆಯಲ್ಲಿ ಇದು ಅಪರೂಪ ಅಲ್ಲ. ಕೀ ಸಲೀಸಾಗಿ ಆಡಿದರೆ ತೊಂದರೆ ಮೇಲಿನ ಯಂತ್ರದಲ್ಲಿದೆ. ಆಗ ಹ್ಯಾಮರನ್ನು ಬೆರಳಿನಿಂದ ತಂತಿಯ ಹತ್ತಿರ ತಂದು ಬಿಡಿ. ಅಳುಕುತ್ತಾ ಬಂದರೆ ಹ್ಯಾಮರ್ ಕೀಲು ಬಿಗಿ. ಹ್ಯಾಮರ್ ಸರಿಯಾಗಿ ಬಂದರೂ ಜ್ಯಾಕ್ ತನ್ನ ಜಾಗಕ್ಕೆ ಹಿಂದಿರುಗದಿದ್ದರೆ ಜ್ಯಾಕ್ ಕೀಲು ಬಿಗಿ. ಇದನ್ನೆಲ್ಲ ಒಂದು ಕಾಗದದಲ್ಲಿ ಕೀ ಸಂಖ್ಯೆ ಹಾಕಿ ಬರೆದಿಟ್ಟುಕೊಳ್ಳಿ. ಬ್ರೈಡಲ್ ಸ್ಟ್ರ್ಯಾಪ್‌ಗಳು ಹರಿದಿವೆಯಾ, ಸ್ಪ್ರಿಂಗ್ ಮುರಿದಿದೆಯಾ ಅಂತ ಆಗಲೇ ಗುರುತು ಮಾಡಿ. ಈ ಬಟ್ಟೆ ಪಟ್ಟಿಯ ವಿನ್ಯಾಸ ಲಂಡನ್ನಿನ ರಾಬರ್ಟ್ ವಾರ್ನಮ್ 1842ರಲ್ಲಿ ಪೇಟೆಂಟ್ ಮಾಡಿಸಿದ್ದು. ಹಳೆ ಪಿಯಾನೊಗಳಲ್ಲಿ ಇವು ಮುಟ್ಟಿದರೆ ಪುಡಿಯಾಗುವ ಸ್ಥಿತಿಯಲ್ಲಿ ಇರುತ್ತವೆ. ಹೊಸ ಸೆಟ್ ಅಗ್ಗ, ಹಾಕುವುದೂ ಸುಲಭ.

ಬಿಗಿ ಕೀಲಿಗೆ ತಾತ್ಕಾಲಿಕ ಉಪಾಯ ಒಂದಿದೆ. ಸ್ಪಿರಿಟ್‌ಗೆ ತುಸು ನೀರು ಬೆರೆಸಿ, ಇಂಜೆಕ್ಷನ್ ಸೂಜಿಯಿಂದ ಕೀಲಿನ ಎರಡೂ ಬದಿಯ ಬಟ್ಟೆಗೆ ಒಂದೊಂದು ಹನಿ ಬಿಡುವುದು. ನೀರಿಗೆ ಬಟ್ಟೆ ಉಬ್ಬಿ ಪಿನ್‌ಗೆ ಒತ್ತಿಕೊಳ್ಳುತ್ತದೆ. ಒಣಗುವಾಗ ಕುಗ್ಗಿ ಪಿನ್‌ಗೆ ಜಾಗ ಬಿಡುತ್ತದೆ. ಪೂರ್ತಿ ಒಣಗಿದರೆ ಮಾತ್ರ ಇದು ಕೆಲಸ ಮಾಡುತ್ತದೆ, ಹಾಗಾಗಿ ಜಡಿಮಳೆ ದಿನ ಮಾಡಿ ಪ್ರಯೋಜನವಿಲ್ಲ. ಸ್ಪಿರಿಟ್ ಪಾಲಿಶ್ ಮೇಲೆ ಬಿದ್ದರೆ ಕಲೆ ಗ್ಯಾರಂಟಿ, ಹತ್ತಿರ ದೀಪ ಬೆಂಕಿ ಇರಬಾರದು.

ಖಾಯಂ ಪರಿಹಾರ ಪಿನ್ ಬದಲಿಸುವುದು. ನಿಮ್ಮ ಗುಡಿಗಾರ ಗೆಳೆಯರು ಬೇಕಾಗುವುದು ಇಲ್ಲಿ. ಹೊಸ ಹ್ಯಾಮರ್ ಕೆತ್ತುವುದಕ್ಕಲ್ಲ. ಹಳೆ ಪಿನ್ ಅನ್ನು ಸಣ್ಣ ಪಂಚ್‌ನಿಂದ ತಳ್ಳಿ ತೆಗೆಯಬೇಕು. ಬಟ್ಟೆಯನ್ನು ಅಳತೆಯ ಒರಟು ಸಲಾಕೆಯಿಂದ ನಯವಾಗಿ ಹಿಗ್ಗಿಸಬೇಕು. ಸರಿಯಾದ ಅಳತೆಯ ಹೊಸ ಪಿನ್ ಹಾಕಿ, ಹೊರಗೆ ಚಾಚಿದ್ದನ್ನು ಕತ್ತರಿಸಬೇಕು. ಪಿನ್ ಗಟ್ಟಿಯಾಗಿ ಕೂರುವುದು ನಡುವಿನ ಮರದಲ್ಲಿ, ತಿರುಗುವುದು ಬದಿಯ ಬಟ್ಟೆಯಲ್ಲಿ. ಸರಿ ಬಂತಾ ಅಂತ ನೋಡಲು ಹ್ಯಾಮರ್ ಕಡ್ಡಿಯನ್ನು ಹಿಡಿದು ಕೀಲಿನ ತುಂಡನ್ನು ಸ್ಕ್ರೂ ಸಮೇತ ಅಡ್ಡ ನಿಲ್ಲಿಸಿ ಬಿಡಿ. ಅದು ತನ್ನ ಭಾರಕ್ಕೆ ನಿಧಾನವಾಗಿ ಇಳಿಯಬೇಕು. ನಿಂತೇ ಇದ್ದರೆ ಬಿಗಿ, ದಬಕ್ಕನೆ ಬಿದ್ದರೆ ಸಡಿಲ. ಸಡಿಲವೂ ಒಳ್ಳೆಯದಲ್ಲ. ಹ್ಯಾಮರ್ ಅಕ್ಕಪಕ್ಕ ಅಲ್ಲಾಡಿ ಮೂರು ತಂತಿಯಲ್ಲಿ ಎರಡಕ್ಕೆ ಮಾತ್ರ ಹೊಡೆಯುತ್ತದೆ. ಶ್ರೀಗಂಧದಲ್ಲಿ ಬಳ್ಳಿ ಬಿಡಿಸುವ ಕೈಗೆ ಈ ಕೆಲಸ ಒಂದೆರಡು ದಿನದಲ್ಲಿ ಹಿಡಿತಕ್ಕೆ ಬರುತ್ತದೆ ಅಂತ ನನ್ನ ನಂಬಿಕೆ.

ಯಾವಾಗ ಮಾಡಬೇಕು ಅನ್ನುವುದು ಹೇಗೆ ಮಾಡಬೇಕು ಅನ್ನುವಷ್ಟೇ ಮುಖ್ಯ. ಮಳೆಗಾಲದ ನಡುವೆ ಪಿನ್ ಹೊಂದಿಸಿದರೆ ಫೆಬ್ರವರಿಯಲ್ಲಿ ಎಲ್ಲ ಗಡಗಡ. ಬೇಸಗೆಯಲ್ಲಿ ಹೊಂದಿಸಿದರೆ ಜೂನ್‌ನಲ್ಲಿ ಮತ್ತೆ ಬಿಗಿ. ದೀಪಾವಳಿ ಕಳೆದು, ಗಾಳಿ ಒಣಗಿ ಒಂದೆರಡು ವಾರ ಆದ ಮೇಲೆ ಶುರು ಮಾಡಿ. ಆಗಲೂ ಪಿನ್ ಅನ್ನು ಪುಸ್ತಕದಲ್ಲಿ ಹೇಳುವುದಕ್ಕಿಂತ ಒಂದು ಎಳೆ ಸಡಿಲವಾಗೇ ಬಿಡಿ. ಯುರೋಪಿನ ತಂತ್ರಜ್ಞರು ಒಪ್ಪದಿರಬಹುದು. ಅವರು ಮಲೆನಾಡಿನ ಆಷಾಢ ನೋಡಿಲ್ಲ.

ತೇವವನ್ನು ಹಾಗೇ ಬಿಟ್ಟು ಪಿನ್ ಒಂದನ್ನೇ ಸರಿಮಾಡಿದರೆ ಅರ್ಧ ಕೆಲಸ. ಹೆಂಚಿನ ಮನೆಯ ಗಾಳಿಯನ್ನು ಒಣಗಿಸಲು ಆಗುವುದಿಲ್ಲ. ಸಂದುಗೊಂದಿನಿಂದ ಹೊಸ ಹಸಿ ಗಾಳಿ ಬರುತ್ತಲೇ ಇರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಎರಡು ದಿನದಲ್ಲಿ ನೀರು ಕುಡಿದು ಸುಮ್ನೆ ಕೂರುತ್ತದೆ. ಆದರೆ ಪಿಯಾನೊದ ಪೆಟ್ಟಿಗೆಯೊಳಗಿನ ಗಾಳಿಯನ್ನು ಬೆಚ್ಚಗೆ ಮಾಡಬಹುದು. ಲೆಕ್ಕ ಸರಳ. 24 ಡಿಗ್ರಿಯಲ್ಲಿ ಶೇ. 95 ತೇವಾಂಶ ಇರುವ ಗಾಳಿಯನ್ನು 30 ಡಿಗ್ರಿಗೆ ಬಿಸಿ ಮಾಡಿದರೆ, ಅದರೊಳಗಿನ ನೀರು ಅಷ್ಟೇ ಇದ್ದರೂ, ತೇವಾಂಶ ಸುಮಾರು ಶೇ. 67ಕ್ಕೆ ಇಳಿಯುತ್ತದೆ. ಬರೀ ಆರು ಡಿಗ್ರಿ! ಬಟ್ಟೆ ಬೀರುವಿನೊಳಗೆ ಬೂಸ್ಟು ಹಿಡಿಯದಂತೆ ಬಲ್ಬ್ ಉರಿಸಿಡುವ ಮನೆಗಳಲ್ಲಿ ನಡೆಯುವುದೂ ಇದೇ. ಪಿಯಾನೊಗೆ ಮಾತ್ರ ಬಲ್ಬ್ ಬೇಡ. ಅದು ಒಂದೇ ಜಾಗವನ್ನು ಕಾಯಿಸುತ್ತದೆ, ಫೆಲ್ಟ್‌ಗೆ ತಾಗಿದರೆ ಅಪಾಯ. ಪಿಯಾನೊಗೆಂದೇ ಮಾಡಿದ ಕಡಿಮೆ ವ್ಯಾಟ್‌ನ ಹೀಟರ್ ರಾಡ್ ಸಿಗುತ್ತದೆ. ಕೆಳಗಿನ ಹಲಗೆಯ ಒಳಗೆ, ಪೆಡಲ್‌ಗಳ ಮೇಲ್ಭಾಗದಲ್ಲಿ ಅಡ್ಡ ಕಟ್ಟುತ್ತಾರೆ. ಜೊತೆಗೆ ತೇವಾಂಶ ನೋಡಿ ತಾನೇ ಆರಿಸುವ ಸ್ವಿಚ್ ಇರಲಿ. ಇಲ್ಲದಿದ್ದರೆ ಮಾರ್ಚ್‌ನಲ್ಲಿ ಅದೇ ರಾಡ್ ಸೌಂಡ್‌ಬೋರ್ಡ್, ಅಂದರೆ ಸ್ವರ ಹೊಮ್ಮಿಸುವ ಮರದ ಹಲಗೆಯನ್ನು ಸೀಳಿಸುತ್ತದೆ. ಗಾಳಿಮಳೆಗೆ ಕರೆಂಟ್ ಎರಡು ದಿನ ಹೋದರೆ ಮುಚ್ಚಳ ಮುಚ್ಚಿಡಿ, ಅಷ್ಟು ಹೊತ್ತಿಗೆ ಅನಾಹುತ ಆಗುವುದಿಲ್ಲ.

ಪಿಯಾನೊ ಇಟ್ಟ ಜಾಗವನ್ನೂ ಒಮ್ಮೆ ನೋಡಿ. ಮಳೆ ಬಡಿಯುವ ಹೊರಗೋಡೆಗೆ ಒರಗಿಸಿದ್ದರೆ ಇವತ್ತೇ ಒಳಗೋಡೆಗೆ ಸರಿಸಿ, ಗೋಡೆಗೂ ಅದಕ್ಕೂ ನಡುವೆ ಒಂದು ಗೇಣು ಬಿಡಿ. ನೆಲದಿಂದ ತುಸು ಎತ್ತರಿಸಿ. ಗೆದ್ದಲು ಬರುವುದು ಕಾಲಿನಿಂದಲೇ.

ಎರಡು ಸಲ ಹೊಡೆಯುವ ಕೀಗಳಿಗೆ ಬರೋಣ. ಕೀ ಒತ್ತಿದ ತಕ್ಷಣ ಹ್ಯಾಮರ್ ಕದಲಬೇಕು. ಮೊದಲು ಸ್ವಲ್ಪ ಖಾಲಿ ಆಡಿ ಆಮೇಲೆ ಕದಲಿದರೆ, ಕೀಯ ಹಿಂಭಾಗದ ಕ್ಯಾಪ್ಸ್ಟನ್ ಸ್ಕ್ರೂ ಏರಿಸಿ ಆ ಖಾಲಿ ಓಟ ತೆಗೆಯಿರಿ. ಆ ಓಟ ಕೀಯ 10 ಮಿ.ಮೀ.ನಲ್ಲಿ ಪಾಲು ತಿನ್ನುತ್ತದೆ. ಆಗ ಜ್ಯಾಕ್ ಪೂರ್ತಿ ಜಾರುವುದಿಲ್ಲ, ಹಿಂದೆ ಬಂದ ಹ್ಯಾಮರ್ ಅದರ ಮೇಲೇ ಬಿದ್ದು ಮತ್ತೆ ತಂತಿಗೆ ಪುಟಿಯುತ್ತದೆ. ಮಳೆಗಾಲದಲ್ಲಿ ಕೀಗಳ ಕೆಳಗಿನ ಫೆಲ್ಟ್ ಉಬ್ಬಿದರೂ ಇದೇ ಕಥೆ. ನಂತರ ಲೆಟ್-ಆಫ್ ದೂರ 3 ಮಿ.ಮೀ.ಗೆ, ಬ್ಯಾಕ್‌ಚೆಕ್ ಹಿಡಿಯುವ ಜಾಗ ತಂತಿಯಿಂದ 15 ಮಿ.ಮೀ. ಸುಮಾರಿಗೆ ಬರಲಿ. ಬ್ಯಾಕ್‌ಚೆಕ್‌ನ ತಂತಿ ಬಗ್ಗಿಸುವಾಗ ಅವಸರ ಬೇಡ. ಈ ಹೊಂದಾಣಿಕೆಯೆಲ್ಲ ಪಿನ್ ಕೆಲಸ ಮುಗಿದ ಮೇಲೆ. ಮೊದಲೇ ಮಾಡಿದರೆ ಎರಡು ಸಲ ಮಾಡಬೇಕಾಗುತ್ತದೆ.

ನಿಮ್ಮ ನೈಲಾನ್ ಕೀಲಿನ ಯೋಚನೆ ಹುಚ್ಚಲ್ಲ. ದೊಡ್ಡವರೂ ಹಾಗೇ ಯೋಚಿಸಿದ್ದರು. ನ್ಯೂಯಾರ್ಕಿನ ಸ್ಟೈನ್‌ವೇ 1962ರಲ್ಲಿ ಉಣ್ಣೆ ಬಟ್ಟೆ ಬಿಟ್ಟು ಟೆಫ್ಲಾನ್ ಬುಶಿಂಗ್ (ಪಿನ್ ತಿರುಗುವ ತೂತಿನ ಒಳಪದರ) ತಂದಿತು. ಟೆಫ್ಲಾನ್ ನೀರು ಹೀರುವುದಿಲ್ಲ, ಸವೆಯುವುದು ಕಡಿಮೆ, ಜಾರುವುದು ಜಾಸ್ತಿ. ಕಾಗದದ ಮೇಲೆ ಎಲ್ಲ ಚೆನ್ನಾಗಿತ್ತು. ಆದರೆ ಅದು ಕೂತಿದ್ದು ಮರದ ತೂತಿನಲ್ಲಿ. ಮರ ಹವಾಮಾನಕ್ಕೆ ತಕ್ಕಂತೆ ಹಿಗ್ಗಿತು, ಕುಗ್ಗಿತು. ಟೆಫ್ಲಾನ್ ಹಾಗೇ ಇತ್ತು. ಒಂದು ಋತುವಿನಲ್ಲಿ ಸಡಿಲವಾಗಿ ಟಿಕ್ ಟಿಕ್ ಸದ್ದು, ಇನ್ನೊಂದರಲ್ಲಿ ಬಿಗಿ. 1980ರ ದಶಕದ ಮೊದಲ ವರ್ಷಗಳಲ್ಲಿ ಅವರು ಮತ್ತೆ ಉಣ್ಣೆಗೆ ಮರಳಿದರು. ಉಣ್ಣೆಗೆ ಮರದ ಜೊತೆ ಹೊಂದಿಕೊಳ್ಳುವ ಗುಣ ಇದೆ, ಸದ್ದು ಮಾಡದ ಗುಣವೂ ಇದೆ. ಅಮೆರಿಕದಲ್ಲಿ 1940–50ರ ದಶಕದ ಕೆಲವು ಗಿಡ್ಡ ಪಿಯಾನೊಗಳಿಗೆ ಹಾಕಿದ ಪ್ಲಾಸ್ಟಿಕ್ ಭಾಗಗಳಂತೂ ಕೆಲ ಕಾಲದಲ್ಲೇ ಚೂರುಚೂರಾದವು.

ಹಾಗಂತ ಪ್ಲಾಸ್ಟಿಕ್ ಕೆಟ್ಟದ್ದು ಅಂತಲ್ಲ. ಜಪಾನಿನ ಕವಾಯ್ ಕಂಪನಿ ಎಬಿಎಸ್ ಎಂಬ ಪ್ಲಾಸ್ಟಿಕ್‌ನ ಭಾಗಗಳನ್ನು ದಶಕಗಳಿಂದ ಬಳಸುತ್ತಿದೆ, ಈಗ ಅದಕ್ಕೆ ಕಾರ್ಬನ್ ನಾರು ಸೇರಿಸುತ್ತಿದೆ. ಅವು ತೇವಕ್ಕೆ ಕದಲುವುದಿಲ್ಲ. ನಮ್ಮ ಹವೆಗೆ ಅದು ಒಳ್ಳೆಯ ದಾರಿ ಅಂತಲೇ ನನ್ನ ಅಭಿಪ್ರಾಯ. ಆದರೆ ಅಲ್ಲಿ ಇಡೀ ಭಾಗವನ್ನೇ ಹೊಸದಾಗಿ ವಿನ್ಯಾಸ ಮಾಡಿದ್ದಾರೆ. ಹಳೆ ಮರದ ತೂತಿಗೆ ನೈಲಾನ್ ಬುಶಿಂಗ್ ತುರುಕಿಲ್ಲ. ನೂರು ವರ್ಷದ ಪಿಯಾನೊಗೆ ಪ್ರಯೋಗ ಬೇಡ.

ಸಾಗವಾನಿ ಹ್ಯಾಮರ್ ವಿಷಯ. ಹ್ಯಾಮರ್‌ನ ತಿರುಳಿಗೆ, ಕಡ್ಡಿಗೆ ಮೇಪಲ್, ಹಾರ್ನ್‌ಬೀಮ್‌ನಂಥ ಗಟ್ಟಿ ಮರ ಬಳಸುತ್ತಾರೆ. ಸಾಗವಾನಿಯಲ್ಲಿ ಎಣ್ಣೆಯಂಶ ಜಾಸ್ತಿ, ಅಂಟು ಹಿಡಿಯಲು ತಕರಾರು. ಅದಕ್ಕಿಂತ ದೊಡ್ಡ ಸಮಸ್ಯೆ, ಯಾವ ಮರವಾದರೂ, ಹೊಸ ಹ್ಯಾಮರ್‌ನ ತೂಕವನ್ನು ಹಳೆಯದಕ್ಕೆ ಸರಿಹೊಂದಿಸುವುದು. ಹ್ಯಾಮರ್ ಕೀಗಿಂತ ನಾಲ್ಕೂವರೆ, ಐದು ಪಟ್ಟು ವೇಗದಲ್ಲಿ ಓಡುತ್ತದೆ. ಆದ್ದರಿಂದ ಹ್ಯಾಮರ್‌ಗೆ ಒಂದು ಗ್ರಾಂ ಸೇರಿಸಿದರೆ, ಅದನ್ನು ಚಿಮ್ಮಿಸುವಾಗ ಕೀ ತುದಿಯಲ್ಲಿ ಇಪ್ಪತ್ತು ಇಪ್ಪತ್ತೈದು ಗ್ರಾಂ ಸೇರಿಸಿದಷ್ಟು ಜಡ ಅನ್ನಿಸುತ್ತದೆ. ಮಗಳ ಬೆರಳು ಸೋಲುತ್ತದೆ. ಭಾರದ ಹ್ಯಾಮರ್‌ನಿಂದ ಸದ್ದು ದೊಡ್ಡದಾಗುತ್ತದೆ ಅನ್ನುವುದು ಅರ್ಧ ಸತ್ಯ. ಅದು ತಂತಿಯ ಮೇಲೆ ಜಾಸ್ತಿ ಹೊತ್ತು ನಿಂತು, ಮೇಲಿನ ಸ್ವರಗಳ ಹೊಳಪನ್ನೇ ನುಂಗುತ್ತದೆ. ಅಲ್ಲಿ ಹ್ಯಾಮರ್ ತಂತಿಗೆ ತಾಗಿರುವುದು ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಕಡಿಮೆ ಹೊತ್ತು.

ಕರ್ಕಶ ಸ್ವರಕ್ಕೆ ಕಾರಣ ಹ್ಯಾಮರ್‌ನ ತುದಿಯಲ್ಲೇ ಕಾಣುತ್ತದೆ. ತಂತಿಗಳು ಫೆಲ್ಟ್‌ನಲ್ಲಿ ಗೀರು ಕೊರೆದಿರುತ್ತವೆ, ಗೀರಿನ ತಳ ಕಲ್ಲಾಗಿರುತ್ತದೆ. ಕ್ರಿಸ್ಟೊಫೊರಿಯ ಕಾಲದಿಂದ ಹ್ಯಾಮರ್‌ಗೆ ಚರ್ಮ ಹೊದಿಸುತ್ತಿದ್ದರು. 1826ರಲ್ಲಿ ಪ್ಯಾರಿಸ್ಸಿನ ಜಾನ್-ಆನ್ರಿ ಪಾಪ್ ಫೆಲ್ಟ್ ಹೊದಿಸುವ ಪೇಟೆಂಟ್ ಪಡೆದ. ಫೆಲ್ಟ್‌ನ ಗುಣ ಏನೆಂದರೆ, ಮೆಲ್ಲಗೆ ಹೊಡೆದರೆ ಮೆತ್ತಗೆ, ಜೋರಾಗಿ ಹೊಡೆದರೆ ಗಟ್ಟಿ. ಪಿಯಾನೊದ ಸ್ವರಕ್ಕೆ ಬಣ್ಣ ಬರುವುದೇ ಇದರಿಂದ. ಫೆಲ್ಟ್ ಕಲ್ಲಾದಾಗ ಮೆಲ್ಲಗಿನ ಸ್ವರ ಸತ್ತುಹೋಗುತ್ತದೆ. ಮರದ ಪಟ್ಟಿಗೆ ಅಂಟಿಸಿದ ಮರಳು ಕಾಗದದಿಂದ ಹ್ಯಾಮರ್‌ನ ಭುಜದಿಂದ, ಅಂದರೆ ತುದಿಯ ಆಚೀಚಿನ ಇಳಿಜಾರಿನಿಂದ, ತುದಿಯ ಕಡೆಗೆ ಪದರ ಪದರವಾಗಿ ಉಜ್ಜಿ, ಮೊಟ್ಟೆಯಾಕಾರ ವಾಪಸ್ ತರಬೇಕು. ಮೇಲಿನ ತುದಿಯ ಹ್ಯಾಮರ್‌ಗಳಲ್ಲಿ ಫೆಲ್ಟ್ ತೀರಾ ತೆಳು, ಅಲ್ಲಿ ಕೈ ಹಗುರ ಇರಲಿ. ಆಮೇಲೂ ಕರ್ಕಶ ಇದ್ದರೆ ಭುಜಗಳಿಗೆ ಸೂಜಿ ಚುಚ್ಚಿ ಒಳಗಿನ ಬಿಗಿತ ಬಿಡಿಸುತ್ತಾರೆ. ತಂತಿಗೆ ತಾಗುವ ತುದಿಗೆ ಮಾತ್ರ ಚುಚ್ಚಬೇಡಿ. ಸೂಜಿ ಕೆಲಸವನ್ನು ಒಮ್ಮೆ ಅನುಭವಿ ಟೆಕ್ನಿಷಿಯನ್ ಮಾಡುವುದನ್ನು ನೋಡಿ ಕಲಿಯುವುದು ವಾಸಿ. ಫೆಲ್ಟ್ ಮರದವರೆಗೆ ಸವೆದಿದ್ದರೆ, ಹುಳ ತಿಂದಿದ್ದರೆ ಹೊಸದೇ ಬೇಕು. ಜರ್ಮನಿಯ ಅಬೆಲ್, ರೆನ್ನರ್‌ನಂಥವರು ಹಳೆ ಮಾದರಿ ನೋಡಿ ಅದೇ ಅಳತೆಗೆ ಮಾಡಿಕೊಡುತ್ತಾರೆ.

ಗ್ರ್ಯಾಂಡ್‌ನ ಚುರುಕು ಬರುವುದಿಲ್ಲ. ಗ್ರ್ಯಾಂಡ್‌ನಲ್ಲಿ ಸೆಬಾಸ್ಟಿಯನ್ ಎರಾರ್ ಕಂಡುಹಿಡಿದು 1821ರಲ್ಲಿ ಪೇಟೆಂಟ್ ಆದ ಒಂದು ಹೆಚ್ಚುವರಿ ಸನ್ನೆ ಇದೆ. ಕೀ ಅರ್ಧ ಎದ್ದರೂ ಜ್ಯಾಕ್ ಮತ್ತೆ ಹ್ಯಾಮರ್ ಕೆಳಗೆ ಸೇರಿಕೊಳ್ಳುತ್ತದೆ. ಅಪ್‌ರೈಟ್‌ನಲ್ಲಿ ಕೀ ಹೆಚ್ಚುಕಡಿಮೆ ಪೂರ್ತಿ ಏಳಬೇಕು. ಇದು ವಿನ್ಯಾಸದ ಮಿತಿ. ಆದರೆ ಚೆನ್ನಾಗಿ ಹೊಂದಿಸಿದ ಅಪ್‌ರೈಟ್ ಕಲಿಯುವ ಮಗುವಿಗೆ ವರ್ಷಗಟ್ಟಲೆ ಸಾಕು.

ಇಷ್ಟೆಲ್ಲ ಖರ್ಚಿಗೆ ಕೈಹಾಕುವ ಮೊದಲು ಎರಡು ಸಂಗತಿ ಖಚಿತ ಮಾಡಿಕೊಳ್ಳಿ. ಶ್ರುತಿ ಮಾಡುವ ಪಿನ್‌ಗಳು ಬಿಗಿ ಹಿಡಿದಿವೆಯಾ? ತಂತಿಗಳ ಒಟ್ಟು ಎಳೆತ 18–20 ಟನ್ನಿನಷ್ಟು ಇರುತ್ತದೆ. ಪಿನ್‌ಗಳು ಸಡಿಲಾಗಿದ್ದರೆ ಅಥವಾ ಎರಕದ ಕಬ್ಬಿಣದ ಚೌಕಟ್ಟು ಬಿರುಕು ಬಿಟ್ಟಿದ್ದರೆ ಹ್ಯಾಮರ್ ಕೆಲಸಕ್ಕೆ ಒಂದು ರೂಪಾಯಿಯನ್ನೂ ಹಾಕಬೇಡಿ. ಇನ್ನೊಂದು, ಡ್ಯಾಂಪರ್‌ಗಳು ಎಲ್ಲಿವೆ? ಹ್ಯಾಮರ್‌ಗಳ ಮೇಲ್ಗಡೆ ಇದ್ದು, ಮುಂದುಗಡೆ ಡ್ಯಾಂಪರ್‌ಗಳ ಉದ್ದ ಕಂಬಿಗಳ ಸಾಲು ಕಂಡರೆ ಅದು ಹಳೆ ಇಂಗ್ಲಿಷ್ ಓವರ್‌ಡ್ಯಾಂಪರ್ ಯಂತ್ರ. ಅದರಲ್ಲಿ ಹ್ಯಾಮರ್ ಮುಟ್ಟುವುದೇ ಕಷ್ಟ, ಸ್ವರ ನಿಲ್ಲಿಸುವುದೂ ಅಷ್ಟಕ್ಕಷ್ಟೆ. ಅಂಥದ್ದಾಗಿದ್ದರೆ ಬಿಗಿ ಕೀಲುಗಳನ್ನು ಸರಿಮಾಡಿ, ಹೀಟರ್ ಹಾಕಿ ನಿಲ್ಲಿಸಿ. ಹೊಸ ಹ್ಯಾಮರ್‌ಗೆ ಉಳಿಸಿಟ್ಟ ಹಣ ಮುಂದೆ ಬೇರೆ ಪಿಯಾನೊಗೆ ಆಗುತ್ತದೆ.

ಕೆಲಸ ಶುರು ಮಾಡುವಾಗ ಬಲಗಡೆ ತುದಿಯ ಆರೇಳು ಸ್ವರಗಳಿಂದ ಶುರು ಮಾಡಿ. ಕಲಿಯುವ ಪಾಠಗಳಲ್ಲಿ ಅವು ಬರುವುದೇ ಅಪರೂಪ, ಅಲ್ಲಿ ಡ್ಯಾಂಪರ್ ಕಾಟವೂ ಇಲ್ಲ. ಬಿಚ್ಚುವ ಮೊದಲು ಪ್ರತಿ ಹ್ಯಾಮರ್ ಕಡ್ಡಿ ಮೇಲೆ ಪೆನ್ಸಿಲ್‌ನಲ್ಲಿ ಸಂಖ್ಯೆ ಬರೆಯಿರಿ, ಮೊಬೈಲ್‌ನಲ್ಲಿ ಫೋಟೊ ತೆಗೆಯಿರಿ. ಕೀಲಿನ ಸ್ಕ್ರೂ ಕೆಳಗೆ ತೆಳ್ಳನೆಯ ಕಾಗದದ ಪಟ್ಟಿ ಸಿಕ್ಕಿದರೆ ಕಸ ಅಂತ ಎಸೆಯಬೇಡಿ. ಹ್ಯಾಮರ್ ನೇರ ಹೋಗಲಿ ಅಂತ ಯಾರೋ ಅಳತೆ ನೋಡಿ ಅಂಟಿಸಿದ್ದು ಅದು. ಅದೇ ಜಾಗಕ್ಕೆ, ಅದೇ ಬದಿಗೆ ವಾಪಸ್ ಹಾಕಿ.